ಸಂಡೂರಿನ ಕೊನೆಯ ಇನ್‌ಹೇಲರ್

ಸಂಡೂರಿನ ಮೆಡಿಕಲ್ ಶಾಪಿನಲ್ಲಿದ್ದ ಕೊನೆಯ ಇನ್‌ಹೇಲರ್ ನನ್ನ ಕಣ್ಣೆದುರೇ ಅದಿರು ಲಾರಿಯ ಡ್ರೈವರ್ ಒಬ್ಬರ ಕೈ ಸೇರಿತು. ಗಣಿ ಧೂಳೆದ್ದ ಆ ವರ್ಷಗಳಲ್ಲಿ ಅದು ಸಿಗುವುದೇ ಕಷ್ಟ. ಡಾಕ್ಟರು ಬದಲಿಗೆ ಕೊಟ್ಟ ಮಾತ್ರೆ ಅವ್ವನಿಗೆ ನಾಟಿರಲಿಲ್ಲ. ಹೊರಗೋಡಿ ಆ ಡ್ರೈವರ್ ಮೇಲೆ ಹರಿಹಾಯ್ದೆ.

“ಮನ್ಯಾಗ ನಮ್ಮವ್ವಗ ಉಸಿರು ಸಿಗವಲ್ದು. ಧೂಳ ಎಬ್ಬಸವ್ರೂ ನೀವ, ಔಷಧ ಒಯ್ಯವ್ರೂ ನೀವ ಏನ್ರಿ?”

ಅವರು ಟವೆಲ್ಲಿನಲ್ಲಿ ಬಾಯಿ ಮುಚ್ಚಿ ಕೆಮ್ಮಿದರು. ಇನ್‌ಹೇಲರ್ ನನ್ನ ಕೈಗಿಟ್ಟರು. “ನಂಗೂ ದಮ್ಮೈತ್ರಿ. ಇರ್ಲಿ, ಅವ್ವಗ ಜಲ್ದಿ ಒಯ್ರಿ. ನಾ ಈಗ ಹೊಸಪ್ಯಾಟಿಗೆ ಹೊಂಟೀನಿ, ಅಲ್ಲಿ ತಗೊಂತೀನಿ.”

ಆದರೆ ಅವರ ಖಾಲಿ ಲಾರಿ ಹೊಸಪೇಟೆಯ ರಸ್ತೆ ಬಿಟ್ಟು ಗಣಿಯ ಗುಡ್ಡದತ್ತ ತಿರುಗಿತು.

ಅವ್ವ ಚೇತರಿಸಿಕೊಂಡಳು. ಏರು ಹತ್ತುವ ಲಾರಿಯ ಸದ್ದು ಕೇಳಿದರೆ ಮಾತ್ರ, ಈಗಲೂ ನನಗೆ ಕೂತಲ್ಲಿ ಕೂರಲಾಗುವುದಿಲ್ಲ.