ಎಮ್ಮಿಕಲ್ಲಿನ ನೆರಳು

ಬೆಳಿಗ್ಗೆ ನಮ್ಮ ಓಣಿಯ ಬಾಯಿಗೆ ಯಾರೋ ಜಲ್ಲಿ ಸುರಿದು ಹೋಗಿದ್ದಾರೆ. ಹಳೇ ಹುಬ್ಬಳ್ಳಿಯ ಓಣಿ, ಆಟೋ ಬಂದರೆ ಸೈಕಲ್ಲಿನವನು ಗೋಡೆಗೆ ಅಂಟಿಕೊಳ್ಳಬೇಕು. ಈಗ ಆಟೋವೂ ಇಲ್ಲ. ಹೊಸದಾಗಿ ಒಡೆದ ಕಲ್ಲಿಗೆ ಒಂದು ವಾಸನೆ ಇರುತ್ತದೆ ನೋಡಿ, ಆಗಷ್ಟೇ ಆರಿದ ಬೆಂಕಿಕಡ್ಡಿಯಂಥದು. ಆ ವಾಸನೆ ಬಂದರೆ ನನಗೆ ಮೊಮ್ಮಗಳು ನೆನಪಾಗುತ್ತಾಳೆ. ಎಲ್ಲಿಯ ಕಲ್ಲು, ಎಲ್ಲಿಯ ಮೊಮ್ಮಗಳು ಅನ್ನಬೇಡಿ. ಅವಳ ಸುದ್ದಿ ತೆಗೆಯಲು ನನಗೆ ಇಷ್ಟು ನೆಪ ಸಾಕು. ಚಹಾದಂಗಡಿಯವನಂತೂ, "ಕಾಕಾ, ಮೊಮ್ಮಗಳ ಸುದ್ದಿ ಬಿಟ್ಟು ಬ್ಯಾರೆ ಏನರ ಇದ್ರ ಕುಂದರ್ರಿ" ಅಂತ ಮೊದಲೇ ಹೇಳಿಬಿಡುತ್ತಾನೆ.

ಎರಡು ಸಾವಿರದ ಇಸವಿ ದಾಟಿ ಏಳೆಂಟು ವರ್ಷ ಆಗಿರಬೇಕು. ಸವಿತಾ ಕೇಶ್ವಾಪುರದ ಒಂದು ಕ್ಲಾಸಿನಲ್ಲಿ ಕಂಪ್ಯೂಟರಿನ ಮೇಲೆ ಚಿತ್ರ ಬರೆಯುವುದನ್ನು ಕಲಿಯುತ್ತಿದ್ದಳು. ನಾನು ಮೂರನೆಯ ಇಯತ್ತೆಯನ್ನು ಅರ್ಧಕ್ಕೆ ಬಿಟ್ಟವನು. ಆದರೂ ಅವಳ ಪಕ್ಕದಲ್ಲಿ ಕುಳಿತರೆ ಹೆಡ್‌ಮಾಸ್ತರನ ಗತ್ತು.

"ಅಜ್ಜಾ, ಖರೇ ಗುಡ್ಡದಂಥಾ ಗುಡ್ಡ ಬರಕೊಂಡು ಬರ್ರಿ ಅಂದಾರ. ಎಂಥಾದ್ದು ಬರೀಲಿ?"

"ನಾ ಒಂದು ಗುಡ್ಡ ಕೊಡತೇನಿ, ಬರಿ" ಎಂದೆ.

ಶಿರಗುಪ್ಪಿಯ ಕಡೆಗೆ ಒಂದು ಸಣ್ಣ ಗುಡ್ಡವಿತ್ತು. ಈಗ ಇಲ್ಲ. ಎಪ್ಪತ್ತರ ಇಸವಿಯ ಸುಮಾರಿಗೆ ಅದನ್ನು ಒಡೆದವರಲ್ಲಿ ನಾನೂ ಒಬ್ಬ. ಹನ್ನೊಂದು ವರ್ಷ ಒಡೆದಿದ್ದೇನೆ, ನನಗಿಂತ ಅದರ ಗುರುತು ಯಾರಿಗಿದೆ?

ಹುಡುಗಿ ಮೊದಲು ಒಂದು ಕರಿ ಮುದ್ದೆ ಬರೆದಳು. ಇದೇನವ್ವಾ ಎಂದರೆ, "ಮೊದ್ಲು ಆಕಾರ, ಆಮ್ಯಾಲೆ ಬಿಸಲು, ಬಿರುಕು ಕಡೀಕ" ಎಂದಳು. ಬಿಸಿಲು ಎಡಗಡೆಯಿಂದ ಎಂದು ಗೊತ್ತು ಮಾಡಿಕೊಂಡು ಕಲ್ಲಿನ ನೆತ್ತಿಗೆ ತಿಳಿ ಬಣ್ಣ, ಪಕ್ಕೆಗೆ ನಡುವಿನದು, ಹೊಟ್ಟೆಯ ಕೆಳಗೆ ಕಪ್ಪು. ಒರಟು ತರಲು ಸ್ಪಂಜಿನಂಥ ಒಂದು ಬ್ರಶ್ಶಿತ್ತು. ಒತ್ತಿದಲ್ಲೆಲ್ಲ ಅದೇ ಗುರುತು ಮೂಡುತ್ತಿತ್ತು. ನಾನು ತಡೆದೆ. "ಒಂದs ಠಸ್ಸೆ ಎಲ್ಲಾ ಕಲ್ಲಿಗೂ ಹೊಡೀಬ್ಯಾಡ. ಒಂದರ ಮೈ ಇನ್ನೊಂದಕ್ಕ ಇರೂದಿಲ್ಲ." ಆಮೇಲೆ ಅವಳು ಬ್ರಶ್ಶನ್ನು ತಿರುಗಿಸಿ ತಿರುಗಿಸಿ ಒತ್ತಿದಳು. ಬಿರುಕು ಕಲ್ಲಿನ ಎಳೆ ಹಿಡಿದೇ ಹೋಗುತ್ತದೆ, ಅಂಚು ಚಾಕುವಿನಂತೆ ಇರುತ್ತದೆ, ಬಣ್ಣ ನೀಲಿ ಬೂದಿ. ನಾನು ಹೇಳಿದಂತೆಲ್ಲ ಮಾಡಿದಳು. ನನ್ನ ಮಾತು ಮೌಸಿನ ತುದಿಯಲ್ಲಿ ಕಲ್ಲಾಗುತ್ತಿತ್ತು! ಎದೆ ಉಬ್ಬಿ ನನಗೆ ಕೂರಲು ಕುರ್ಚಿ ಸಾಲಲಿಲ್ಲ.

ಮೂರನೆಯ ದಿನ ಅವಳೇ ಹಿಂದೆ ಸರಿದು ಕುಳಿತಳು. "ಅಜ್ಜಾ, ಕಲ್ಲು ಛಲೋ ಬಂದಾವ. ಆದ್ರ ಗುಡ್ಡ ಅನ್ನಿಸವಲ್ದು. ಅಜ್ಜೀ, ನೀ ಒಂಚೂರು ನೋಡ ಬಾ."

ನನ್ನ ಹೆಂಡತಿ ಗಂಗವ್ವ ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಬಂದಳು. ನೋಡಿದಳು. "ಇದು ಗುಡ್ಡ ಅಲ್ಲವಾ, ಖಣಿ. ನಿಮ್ಮಜ್ಜ ಒಡದ ಮ್ಯಾಲಿನ ಕಲ್ಲು ಇವು."

ಖರೇ ಇತ್ತು. ನೀಲಿ ಬೂದಿ ಎಂಬುದು ಒಡೆದ ಕಲ್ಲಿನ ಒಳಗಿನ ಬಣ್ಣ. ಚಾಕುವಿನಂಥ ಅಂಚು ನಮ್ಮ ಸುತ್ತಿಗೆ ಮಾಡಿದ್ದು. ಹನ್ನೊಂದು ವರ್ಷದಲ್ಲಿ ನಾನು ಆ ಗುಡ್ಡದ ಹೊರಮೈಯನ್ನು ನೋಡಿಯೇ ಇರಲಿಲ್ಲ.

ನೋಡಿದವಳು ಗಂಗವ್ವ. ನಿಂತಲ್ಲೇ ಹೇಳಿದಳು: ಮೇಲೆ ತುಕ್ಕಿನ ಬಣ್ಣ, ಸುಣ್ಣ ಸಿಡಿದಂತೆ ಬಿಳಿ ಪಾಚಿಯ ಚುಕ್ಕೆ, ಸಂದಿನಲ್ಲಿ ಒಣಹುಲ್ಲು, ಆಡು ಮಲಗಿ ಮಲಗಿ ಸವೆದ ಅಂಚು. ಸವಿತಾ ಒಂದೊಂದೇ ಬಳಿಯುತ್ತ ಹೋದಂತೆ ಗುಡ್ಡ ಎದ್ದು ಬಂತು. ಹೇಳುತ್ತ ಹೇಳುತ್ತ ಬಲಗಡೆಗೆ ಬಂದವಳು ಒಲೆಯ ಕಡೆ ತಿರುಗಿದಳು.

"ಇಲ್ಲಿ ಖಾಲಿ ಆತಲ್ಲ ಅಜ್ಜಿ. ಇಲ್ಲೇನಿತ್ತು?"

"ನಿಮ್ಮಜ್ಜನ್ನ ಕೇಳು. ನಾ ಒಮ್ಮೆ ಹೇಳೇನಿ."

ಅಲ್ಲಿ ಎಮ್ಮಿಕಲ್ಲಿತ್ತು, ಮಲಗಿದ ಎಮ್ಮೆಯಂಥ ಕಲ್ಲು. ಗಂಗವ್ವ ದಿನಾ ಬುತ್ತಿ ತಂದು ಅದರ ನೆರಳಿನಲ್ಲಿ ಕಾಯುತ್ತಿದ್ದಳು. ಸವಿತಾಳ ಅಪ್ಪನನ್ನು ಸಣ್ಣವನಿದ್ದಾಗ ಮಲಗಿಸುತ್ತಿದ್ದುದೂ ಅಲ್ಲೇ. "ಅದೊಂದು ಬಿಡ್ರಿ. ಕುಂದರಾಕ ನೆರಳ ಬ್ಯಾಡೇನು?" ಎಂದಿದ್ದಳು. ಕೆಲಸ ಮಾಡಿಸುವ ಮುಕಾದಮ ಕೂಡ ಹಟ ಮಾಡಿರಲಿಲ್ಲ. ಹಟ ನನ್ನದು. ಅಂಥ ನೇರ ಎಳೆ ಇರುವ ಕಲ್ಲು ಮತ್ತೆ ಸಿಗುವುದಿಲ್ಲ, ಒಂದೇ ಗೆರೆಗೆ ಸೀಳಿ ತೋರಿಸುತ್ತೇನೆ ಎಂದು ಬೆಣೆ ಇಟ್ಟೆ. ಸೀಳಿತು. ಎಲ್ಲರೂ ಭೇಷ್ ಎಂದರು. ಸಂಜೆ ಜಿಲೇಬಿ ಒಯ್ದೆ, ಅವಳು ಮುಟ್ಟಲಿಲ್ಲ. ಮರುದಿನದಿಂದ ಬುತ್ತಿಯನ್ನು ನಾನೇ ಕಟ್ಟಿಕೊಂಡು ಹೋದೆ. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ.

"ಅಲ್ಲೊಂದು ಕಲ್ಲಿತ್ತವಾ. ನಾ ಒಡದೆ" ಎಂದೆ.

"ಹೆಂಗಿತ್ತು?"

ಎಲ್ಲೆಲ್ಲಿ ಬೆಣೆ ಇಟ್ಟೆ ಎಂದು ಹೇಳಬಲ್ಲೆ. ಅದರ ಬೆನ್ನು ಹೇಗಿತ್ತು? ನೆನಪಾಗಲೊಲ್ಲದು. "ನನಗ ಗೊತ್ತಿಲ್ಲ. ಗಂಗವ್ವಾ, ನೀನs ಹೇಳು. ನಂದು ತಪ್ಪಾತು."

ಅಷ್ಟು ವರ್ಷಕ್ಕೆ ಅಂದು ಆಡಿದೆ ಆ ಮಾತನ್ನು, ಅದೂ ಮೊಮ್ಮಗಳ ಮುಂದೆ. ಗಂಗವ್ವ ಕಂಪ್ಯೂಟರಿನ ಗಾಜಿನ ಮೇಲೆ ಹಿಟ್ಟಿನ ಬೆರಳಿನಿಂದ ಒಂದು ಬೆನ್ನು ಎಳೆದಳು, ಒಂದು ಕುತ್ತಿಗೆ ಎಳೆದಳು. ಆ ಹಿಟ್ಟಿನ ಗೆರೆ ಹಿಡಿದು ಸವಿತಾ ಕಲ್ಲು ಬರೆದಳು.

"ನೆರಳ ತಪ್ಪೈತಿ" ಎಂದಳು ಗಂಗವ್ವ. "ಊಟದ ಹೊತ್ತಿಗೆ ಈ ಕಡೆ ಬೀಳ್ತಿತ್ತು."

"ಅಯ್ಯ ಅಜ್ಜಿ, ಅದೊಂದು ತಿರುವಿದ್ರ ಇಡೀ ಗುಡ್ಡದ ಬಿಸಲು ತಿರುವಬೇಕಾಗ್ತದ!"

"ತಿರುವು. ಏನಾತೀಗ?"

ತಿರುವಿದಳು ನನ್ನ ಬಂಗಾರ, ಮತ್ತೆರಡು ದಿನ ಕುಳಿತು, ಒಂದೊಂದು ಕಲ್ಲಿನ ಬಿಸಿಲನ್ನೂ. ಮುಗಿದ ಮೇಲೆ ಗಂಗವ್ವ ಬಹಳ ಹೊತ್ತು ನೋಡಿ, "ಹೂಂ. ಈಗ ಕುಂದರಬಹುದು" ಎಂದಳು. ಕುಳಿತುಕೊಳ್ಳಲು ಅಲ್ಲೇನಿದೆ ಹೇಳಿ, ಇರುವುದು ಗಾಜು.

ಆ ಚಿತ್ರ ಈಗ ಕಟ್ಟು ಹಾಕಿಸಿ ನಮ್ಮ ಗೋಡೆಯ ಮೇಲಿದೆ. ಇಂದು ನಾನು ಓಣಿಗಿಳಿದು ಆ ಜಲ್ಲಿಯ ಗುಂಪಿಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಒಂದೊಂದೇ ಹರಳು ತಿರುವಿ ನೋಡಿದೆ. ಎಲ್ಲ ನೀಲಿ, ಎಲ್ಲ ಒಳಗಿನವು. ಎಷ್ಟೋ ಹೊತ್ತಿಗೆ, ಒಂದು ಮಗ್ಗುಲಿಗೆ ತುಕ್ಕಿನ ಬಣ್ಣ ಉಳಿದದ್ದು ಸಿಕ್ಕಿತು. ಒಳಗೆ ಒಯ್ದು ಗಂಗವ್ವನಿಗೆ ಕೊಟ್ಟೆ.

"ಇದೇನ್ ಆರಿಸಿಕೊಂಡು ಬಂದ್ರಿ?"

"ಯಾವ ಗುಡ್ಡದ್ದೋ. ನೋಡು, ಮೈ ಉಳದೈತಿ."

ಗಂಗವ್ವ ಅದನ್ನು ತಿರುಗಿಸಿ, ತುಕ್ಕಿನ ಬಣ್ಣ ಮೇಲೆ ಬರುವಂತೆ ಕಿಟಕಿಯಲ್ಲಿಟ್ಟಳು. ಬಿಸಿಲು ಏರಿದ ಮೇಲೆ ನೋಡಿದೆ, ಅದಕ್ಕೂ ಒಂದು ಬೆರಳಷ್ಟು ನೆರಳು ಬಿದ್ದಿತ್ತು.