ಎಡಕ್ಕೆ ಸುತ್ತಿದ ದೋಸೆ

ಹುಣಸೂರಿನ ಬಸ್ ನಿಲ್ದಾಣದ ಎದುರಿಗಿದ್ದ ಹೆಂಚಿನ ಹೋಟೆಲು ಏಕೆ ಮುಚ್ಚಿತೆಂದು ನನ್ನ ವಯಸ್ಸಿನವರನ್ನು ಕೇಳಿದರೆ ಒಂದೇ ಉತ್ತರ ಬರುತ್ತದೆ. ಮಾಲೀಕ ಬದಲಾದ, ಅಡಿಗೆಯ ಕೈ ಬದಲಾಯಿತು, ರುಚಿ ಕೆಟ್ಟಿತು, ಗಿರಾಕಿಗಳು ಬಿಟ್ಟರು. ಊರಿನ ಕೆರೆ ಯಾರು ಕಟ್ಟಿಸಿದ್ದು, ಗುಡಿಯ ಮುಂದಿನ ಕಲ್ಲು ಯಾವ ಕಾಲದ್ದು ಎಂಬ ವಿಷಯಗಳಲ್ಲಿ ನಾನು ಜೀವಮಾನವೆಲ್ಲ ಜನರೊಡನೆ ವಾದಕ್ಕೆ ನಿಂತವನು. ಹೇಳಿದ್ದನ್ನು ನಂಬಬೇಡಿ, ಹೋಗಿ ನೋಡಿ ಎಂದವನು. ಆದರೆ ಈ ಹೋಟೆಲಿನ ಕತೆ ಕಿವಿಗೆ ಬಿದ್ದಾಗ ತಲೆ ತಗ್ಗಿಸುತ್ತೇನೆ. ಆ ಕತೆ ಸುಳ್ಳು. ಅದನ್ನು ಕಟ್ಟಿದವನು ನಾನು.

ಸಾವಿರದ ಒಂಬೈನೂರ ಐವತ್ತರ ದಶಕದ ಮೊದಲ ವರ್ಷಗಳು. ನಮ್ಮ ಜಮೀನು ಕಂಪಲಾಪುರದ ಕಡೆ, ಕಾಳುಕಡ್ಡಿಯ ಅಂಗಡಿ ಹುಣಸೂರಿನ ಪೇಟೆಯಲ್ಲಿ. ತಂದೆ ತೀರಿಕೊಂಡಿದ್ದರಿಂದ ನನ್ನ ಶಾಲೆ ನಡುವೆಯೇ ನಿಂತಿತ್ತು. ಆಮೇಲಿನದ್ದನ್ನೆಲ್ಲ ಅಂಗಡಿಯ ಮೂಟೆಗಳ ಮೇಲೆ ಕುಳಿತು, ಊರಿನ ವಾಚನಾಲಯದಿಂದ ತಂದ ಪುಸ್ತಕಗಳಿಂದ ನಾನೇ ಕಲಿತೆ. ಹಾಗೆ ಕಲಿತವನಿಗೆ ಬರುವ ಜಂಬವೂ ಬಂದಿತ್ತು. ಗುರುವಿಲ್ಲದೆ ಕಲಿತದ್ದರಿಂದ ನನ್ನನ್ನು ತಿದ್ದುವವರು ಯಾರೂ ಇರಲಿಲ್ಲ. ಅದನ್ನೇ ನಾನು ನನ್ನ ಸ್ವತಂತ್ರ ಬುದ್ಧಿ ಎಂದುಕೊಂಡಿದ್ದೆ.

ಆ ಹೋಟೆಲಿನ ಯಜಮಾನರು ಘಟ್ಟದ ಕೆಳಗಿನವರು. ಬಿಳಿ ಪಂಚೆ, ಹೆಗಲ ಮೇಲೊಂದು ಕೆಂಪು ವಸ್ತ್ರ, ಬಾಗಿಲಲ್ಲಿ ಯಾರು ಕಂಡರೂ 'ಬನ್ನಿ ಬನ್ನಿ' ಎನ್ನುವ ಬಾಯಿ. ಅಡಿಗೆಮನೆಗೂ ಊಟದ ಕೋಣೆಗೂ ನಡುವೆ ಒಂದು ಗೋಡೆ, ಗೋಡೆಯಲ್ಲಿ ಮೊಳದಗಲದ ಒಂದು ಕಿಂಡಿ. ತಟ್ಟೆಗಳು ಆ ಕಿಂಡಿಯಿಂದ ಹೊರಗೆ ಬರುತ್ತಿದ್ದವು. ಒಳಗಿದ್ದವರನ್ನು ನಾವು ಯಾರೂ ಕಂಡಿರಲಿಲ್ಲ. ಕೇಳಿದರೆ ಯಜಮಾನರು, "ನಮ್ಮ ಊರಿನ ಭಟ್ಟರು ಮಾರಾಯ್ರೆ, ಮಡಿಯಲ್ಲಿರ್ತಾರೆ, ಹೊರಗೆ ಬರೋದಿಲ್ಲ" ಎನ್ನುತ್ತಿದ್ದರು. ನಾವು ನಂಬಿದೆವು. ಕೆರೆ ಕಟ್ಟಿಸಿದವರ ಬಗ್ಗೆ ಸಾಕ್ಷಿ ಕೇಳುತ್ತಿದ್ದ ನಾನೂ ನಂಬಿದೆ.

ಅಲ್ಲಿಯ ದೋಸೆಯನ್ನು ಮಡಿಸುತ್ತಿರಲಿಲ್ಲ. ಕಾವಲಿಯಿಂದ ತೆಗೆದು ಹಾಗೆಯೇ ಅಗಲವಾಗಿ ಹಿತ್ತಾಳೆಯ ತಟ್ಟೆಗೆ ಹಾಕಿ, ನಡುವೆ ಒಂದು ಚಮಚ ತುಪ್ಪ ಬಿಡುತ್ತಿದ್ದರು. ಹಿಟ್ಟು ಹರಡಿದ ಸೌಟಿನ ಸುತ್ತುಗಳು ಅದರ ಮೇಲೆ ಸ್ಪಷ್ಟವಾಗಿ ಕಾಣುತ್ತಿದ್ದವು. ಒಂದು ಬೆಳಿಗ್ಗೆ ನಾನು ಗಮನಿಸಿದೆ: ನಮ್ಮ ಮನೆಯಲ್ಲಿ ತಾಯಿ ಹುಯ್ಯುವ ದೋಸೆಯ ಸುತ್ತು ಬಲಕ್ಕೆ ತಿರುಗಿದರೆ, ಇಲ್ಲಿಯದು ಎಡಕ್ಕೆ ತಿರುಗುತ್ತಿತ್ತು. ದಿನವೂ, ಪ್ರತಿ ತಟ್ಟೆಯಲ್ಲೂ. ನನ್ನ ಜೊತೆ ಕುಳಿತಿರುತ್ತಿದ್ದ ಪ್ರೌಢಶಾಲೆಯ ಮೇಷ್ಟರಿಗೆ ಅದನ್ನು ತೋರಿಸಿ ಗಟ್ಟಿಯಾಗಿ ಹೇಳಿದೆ:

"ನೋಡಿ ಮೇಷ್ಟ್ರೆ, ಗುಡೀಲಿ ನೀವೆಲ್ಲ ಬಲಕ್ಕೆ ಸುತ್ತಿ ಸುತ್ತಿ ಕಾಲು ಸವೆಸ್ತೀರಿ. ಈ ದೋಸೆ ಎಡಕ್ಕೆ ಸುತ್ತಿ ನೆಟ್ಟಗೆ ಸ್ವರ್ಗಕ್ಕೆ ಹೋಗುತ್ತೆ."

"ಸ್ವರ್ಗಕ್ಕಲ್ಲ ಕಣಯ್ಯ, ನಿನ್ನ ಹೊಟ್ಟೆಗೆ," ಎಂದರು ಮೇಷ್ಟರು. "ಅಲ್ಲಿಂದ ಅದು ಎಲ್ಲಿಗೆ ಹೋಗುತ್ತೆ ಅಂತ ಎಲ್ರಿಗೂ ಗೊತ್ತು."

ಕೋಣೆಯೆಲ್ಲ ನಕ್ಕಿತು. ಆ ಮಾತು ಊರಲ್ಲಿ ಹಬ್ಬಿ, ಹೊಸಬರು ಬಂದಾಗಲೆಲ್ಲ ನನ್ನಿಂದ ಮತ್ತೆ ಹೇಳಿಸುತ್ತಿದ್ದರು. ಸುತ್ತು ಎಡಕ್ಕೆ ಏಕೆ ತಿರುಗುತ್ತದೆ ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ.

ಕೆಲವು ವರ್ಷಗಳಲ್ಲಿ ಯಜಮಾನರಿಗೆ ಮಂಡಿನೋವು ಹೆಚ್ಚಾಯಿತು. ಊರಿಗೆ ಹೊರಟುಹೋದರು. ಹೋಟೆಲನ್ನು ಕೊಂಡವರು ಇಲ್ಲಿಯೇ ಹತ್ತಿರದ ಗುರುಪುರದ ಕಡೆಯ ಒಕ್ಕಲು ಮನೆಯ ಅಣ್ಣತಮ್ಮಂದಿರು ಎಂದು ತಿಳಿಯಿತು. ಮರುದಿನದಿಂದ ಗಲ್ಲಾಪೆಟ್ಟಿಗೆಯ ಮುಂದೆ ಅಣ್ಣ ಕುಳಿತ. ರುಮಾಲು, ತೋಳಿನ ಬನಿಯನ್, ಹೊಲದ ಮಣ್ಣು ಹಿಡಿದ ಪಾದಗಳು. 'ಬನ್ನಿ ಬನ್ನಿ' ಎನ್ನಲು ಅವನಿಗೆ ಬರುತ್ತಿರಲಿಲ್ಲ. ಬಂದವರನ್ನು ಕಂಡರೆ ಎದ್ದು ನಿಲ್ಲುತ್ತಿದ್ದ, ಅಷ್ಟೆ. ಗೋಡೆ, ಕಿಂಡಿ, ತಟ್ಟೆ ಎಲ್ಲ ಮೊದಲಿನಂತೆಯೇ ಇದ್ದವು.

ವಾರದೊಳಗೆ ಪೇಟೆಯಲ್ಲಿ ಗುಸುಗುಸು ಶುರುವಾಯಿತು. ಭಟ್ಟರು ಹೋದರಂತೆ, ರಾಗಿ ಬೀಸಿದ ಕೈ ಉದ್ದು ರುಬ್ಬುತ್ತಿದೆಯಂತೆ. ಹೋಟೆಲು ನಿಂತಿದ್ದದ್ದು ತಿಂಗಳ ಊಟದವರ ಮೇಲೆ. ಶಾಲೆಯ ಉಪಾಧ್ಯಾಯರು, ಕಚೇರಿಯ ಗುಮಾಸ್ತರು, ಸಂಸಾರ ಬೇರೆ ಊರಲ್ಲಿಟ್ಟು ಇಲ್ಲಿ ಒಂಟಿಯಾಗಿದ್ದವರು. ಅವರೆಲ್ಲ ಬಿಡಬೇಕೋ ಇರಬೇಕೋ ಎಂದು ಚರ್ಚಿಸಿ, ಕೊನೆಗೆ ಮೇಷ್ಟರು ನನ್ನ ಅಂಗಡಿಗೆ ಬಂದರು.

"ನೀನೊಂದು ಸಲ ಹೋಗಿ ತಿಂದು ನೋಡಯ್ಯ. ನೀನು ಜಾತಿಗೀತಿ ನೋಡೋನಲ್ಲ. ನೀನು ಚೆನ್ನಾಗಿದೆ ಅಂದ್ರೆ ಇರ್ತೀವಿ, ಇಲ್ಲ ಅಂದ್ರೆ ಇಲ್ಲ."

ಈ ಮಾತಿಗೆ ನಾನೆಷ್ಟು ಹಿಗ್ಗಿದೆನೆಂದು ನೆನೆದರೆ ಇಂದಿಗೂ ಮೈ ಮುದುಡುತ್ತದೆ.

ಮರುದಿನ ಬೆಳಿಗ್ಗೆ ಹೋದೆ. ಮೇಷ್ಟರೂ ಇನ್ನಿಬ್ಬರು ಗುಮಾಸ್ತರೂ ಜೊತೆಗಿದ್ದರು. ನಾವೇಕೆ ಬಂದಿದ್ದೇವೆಂದು ಅಣ್ಣನಿಗೆ ತಿಳಿದಿತ್ತು. ಅವನೇ ಕಿಂಡಿಯಿಂದ ತಟ್ಟೆ ತೆಗೆದು ನನ್ನ ಮುಂದಿಟ್ಟು, ಕೈಕಟ್ಟಿ ಒಂದು ಪಕ್ಕಕ್ಕೆ ನಿಂತ. ನಾನು ಅವನ ರುಮಾಲನ್ನು ನೋಡಿದೆ. ಉಗುರುಗಳನ್ನು ನೋಡಿದೆ. ದೋಸೆಯ ಸುತ್ತು ಎತ್ತ ತಿರುಗಿತ್ತೆಂದು ನೋಡಲಿಲ್ಲ. ಅಂಚು ಮುರಿದು ಬಾಯಿಗಿಟ್ಟೆ. ನಿಜವಾಗಿಯೂ ಹುಳಿ ಹೆಚ್ಚೆನಿಸಿತು. ಸುಳ್ಳು ಹೇಳಬೇಕೆಂದು ನಾನು ಹೋಗಿರಲಿಲ್ಲ. ಇದನ್ನು ನನ್ನ ಸಮರ್ಥನೆಗೆಂದು ಬರೆಯುತ್ತಿಲ್ಲ. ಬೇಕೆಂದು ಸುಳ್ಳು ಹೇಳಿದ್ದರೆ ಅದು ಸುಳ್ಳೆಂದು ನನಗಾದರೂ ಗೊತ್ತಿರುತ್ತಿತ್ತು. ನನ್ನ ನಾಲಗೆ ಹೊಸ್ತಿಲಲ್ಲಿಯೇ ತೀರ್ಮಾನ ಮಾಡಿಕೊಂಡು ಒಳಗೆ ಬಂದಿತ್ತು.

"ಹೆಂಗಿದೆ?" ಎಂದರು ಮೇಷ್ಟರು.

"ಕೈ ಬದಲಾಗಿದೆ. ಹುಳಿ ಹೆಚ್ಚು," ಎಂದೆ. ಅಷ್ಟಕ್ಕೆ ನಿಲ್ಲಿಸಲಿಲ್ಲ. ಘಟ್ಟದ ಕೆಳಗಿನವರು ಅಕ್ಕಿಯನ್ನು ನೆನೆಸುವ ಹೊತ್ತೇ ಬೇರೆ, ಉದ್ದಿನ ಪ್ರಮಾಣವೇ ಬೇರೆ, ಅದು ತಲೆತಲಾಂತರದಿಂದ ಬರುವ ವಿದ್ಯೆ ಎಂದೆಲ್ಲ ಕಾರಣಗಳನ್ನು ವಿವರಿಸಿದೆ. ಇದಾವುದೂ ನಾನು ಕಂಡದ್ದಲ್ಲ, ಓದಿದ್ದಲ್ಲ.

ಅಣ್ಣ ಒಂದೇ ಮಾತು ಹೇಳಿದ: "ಅಂಗೇನೂ ಇಲ್ಲ ಸಾವ್ಕಾರ್ರೆ, ಅದೇ ಕೈಯೇಯ."

ಗುಮಾಸ್ತರಲ್ಲೊಬ್ಬ, "ಯಾವುದು, ನೇಗಿಲು ಹಿಡಿದದ್ದಾ?" ಎಂದ. ಅವರು ನಕ್ಕರು. ನಾನೂ ನಕ್ಕೆ. ಆ ತಿಂಗಳು ಮುಗಿಯುತ್ತಲೇ ಉಪಾಧ್ಯಾಯರೆಲ್ಲ ಬೇರೆ ಕಡೆ ಊಟಕ್ಕೆ ಹೊರಟರು.

ಹತ್ತು ಹದಿನೈದು ದಿನ ಕಳೆದಿರಬಹುದು. ಒಂದು ಮುಂಜಾನೆ ನಮ್ಮ ಗೋದಾಮಿಗೆ ಹೋಗಲು ಹೋಟೆಲಿನ ಹಿಂದಿನ ಓಣಿಗೆ ಇಳಿದೆ. ಹೊಗೆ ಹೋಗಲೆಂದು ಅಡಿಗೆಮನೆಯ ಹಿಂಬಾಗಿಲು ತೆರೆದಿದ್ದರು. ಒಳಗೆ ಒಲೆಯ ಮುಂದೆ ಮೂವತ್ತೈದರ ಆಸುಪಾಸಿನ ಒಬ್ಬ ಮನುಷ್ಯ ಕಾವಲಿಗೆ ನೀರು ಚಿಮುಕಿಸಿ, ತೆಂಗಿನ ಕಡ್ಡಿಯ ಪೊರಕೆಯಲ್ಲಿ ಗುಡಿಸಿ, ಒಂದು ಸೌಟು ಹಿಟ್ಟು ಹುಯ್ದ. ಸೌಟಿದ್ದದ್ದು ಅವನ ಎಡಗೈಯಲ್ಲಿ. ಸುತ್ತು ನಡುವಿನಿಂದ ಹೊರಟು ಎಡಕ್ಕೆ ತಿರುಗುತ್ತ ಅಗಲವಾಯಿತು.

ನಾನು ಬಾಗಿಲಿಗೆ ಹತ್ತಿರವಾದೆ. ಅವನು ತಲೆಯೆತ್ತಿ ನೋಡಿ ನನ್ನ ಗುರುತು ಹಿಡಿದ.

"ಬನ್ನಿ ಸಾವ್ಕಾರ್ರೆ. ಅಂಗಡಿ ಕಡೆ ಕಾಣೋ ಮುಖ, ಇಂದ್ಗಡೆ ಬಂದೀರಿ."

"ನೀನು ಎಷ್ಟು ದಿನದಿಂದ ಇಲ್ಲಿದ್ದೀಯ?"

"ಒಂಬತ್ತು ವರ್ಸ ಆಯ್ತು. ಸೌದೆ ಆಕಕ್ಕೆ ಬಂದೋನು, ಯಜಮಾನ್ರು ನಿಲ್ಲಿಸ್ಕಂಡ್ರು. ಎಡಗೈಲಿ ಮಾಡೋದು ಜನ ಕಂಡ್ರೆ ತಿನ್ನಾಕಿಲ್ಲ, ಈಚೆಗೆ ಬರಬ್ಯಾಡ ಅಂದಿದ್ರು. ಬರ್ನಿಲ್ಲ."

"ಭಟ್ಟರು?"

"ಯಾವ ಭಟ್ರೂ ಇರ್ನಿಲ್ಲ." ಅವನು ದೋಸೆ ಎಬ್ಬಿಸಿ ಬಾಳೆಯೆಲೆಯ ತುಂಡಿಗೆ ಹಾಕಿದ. ಆಮೇಲೆ ಸ್ವಲ್ಪ ನಕ್ಕ. "ನಮ್ ದೋಸೆ ಎಡಕ್ಕೆ ಸುತ್ತಿ ಸ್ವರ್ಗಕ್ಕೋಯ್ತದೆ ಅಂತಿದ್ರಲ್ಲ ನೀವು, ಕಿಂಡೀಲಿ ಕೇಳಿಸ್ತಿತ್ತು. ಒಳಗೆ ಕುಂತು ನಗ್ತಿದ್ದೆ. ಮನೇಗೋದಾಗ ನಮ್ಮವ್ವಂಗೂ ಏಳಿದ್ದೀನಿ, ಪ್ಯಾಟೆ ಸಾವ್ಕಾರ್ರು ನನ್ ಸುತ್ತು ಕಂಡ್ಕಂಡವ್ರೆ ಅಂತ."

ಒಂಬತ್ತು ವರ್ಷ ಗೋಡೆಯ ಹಿಂದೆ ಕುಳಿತವನನ್ನು ಇಡೀ ಊರಲ್ಲಿ ಗುರುತಿಸಿದವನು ನಾನೊಬ್ಬನೇ ಎಂದು ಅವನು ನಂಬಿದ್ದ. ಎಲೆಯನ್ನು ನನ್ನ ಕೈಗೆ ಕೊಟ್ಟ. ನಿಂತಲ್ಲಿಯೇ ತಿಂದೆ. ಹುಳಿ ಎಷ್ಟಿರಬೇಕೋ ಅಷ್ಟೇ ಇತ್ತು.

"ಮೇಷ್ಟ್ರಿಗೆ ಒಂದ್ ಮಾತು ಏಳ್ಬುಡಿ ಸಾವ್ಕಾರ್ರೆ," ಎಂದ. "ನಾವು ಏಳಿದ್ರೆ ಯಾಪಾರಕ್ಕೆ ಏಳ್ತಾರೆ ಅಂತಾರೆ. ನೀವು ಏಳಿದ್ರೆ ತಿರ್ಗಾ ಬತ್ತಾರೆ. ನಮ್ಮಣ್ಣನೂ ನಾನೂ ಇದ್ದ ಹೊಲ ಕೊಟ್ಟು ಇದ ತಗಂಡಿವಿ. ತಿಂಗ್ಳೂಟದೋರು ಬರ್ದಿದ್ರೆ ಹೋಟ್ಲು ನಿಲ್ಲಾಕಿಲ್ಲ."

"ಹೇಳ್ತೀನಿ," ಎಂದೆ.

ಅಂದು ಸಂಜೆ ಹೇಳಬೇಕೆಂದೇ ವಾಚನಾಲಯಕ್ಕೆ ಹೋದೆ. ಮೆಟ್ಟಿಲು ಹತ್ತುವಾಗ ಮೇಷ್ಟರ ದನಿ ಕೇಳಿಸಿತು. ಹೊಸದಾಗಿ ವರ್ಗವಾಗಿ ಬಂದ ಉಪಾಧ್ಯಾಯರೊಬ್ಬರಿಗೆ ಅವರು ನನ್ನ ಬಗ್ಗೆ ಹೇಳುತ್ತಿದ್ದರು: "ಒಂದು ತುತ್ತು ಬಾಯಿಗಿಟ್ಟ ನೋಡಿ, ಕೈ ಬದಲಾಗಿದೆ ಅಂದುಬಿಟ್ಟ. ಅಂಥ ನಾಲಗೆ ಇವನದು." ಹೊಸಬರು ಗೌರವದಿಂದ ಎದ್ದು ನನಗೆ ಜಾಗ ಬಿಟ್ಟರು. ನಾನು ಕುಳಿತೆ. ನಾಳೆ ಹೇಳಿದರಾಯಿತು ಎಂದುಕೊಂಡೆ.

ನಾಳೆಯೂ ಹಾಗೆಯೇ ಆಯಿತು. ಹೇಳದೆ ಉಳಿದ ದಿನಗಳು ಹೆಚ್ಚಿದಂತೆ ಹೇಳುವುದು ಇನ್ನಷ್ಟು ಕಷ್ಟವಾಯಿತು. ಏಕೆಂದರೆ ಈಗ ತಪ್ಪು ತೀರ್ಪಿನ ಜೊತೆಗೆ ಮೌನಕ್ಕೂ ಕಾರಣ ಕೊಡಬೇಕಿತ್ತು. ಹಿಂದಿನ ಓಣಿ ಬಿಟ್ಟು ಗೋದಾಮಿಗೆ ಸುತ್ತುದಾರಿಯಲ್ಲಿ ಹೋಗತೊಡಗಿದೆ. ಪಿರಿಯಾಪಟ್ಟಣದ ಸಂತೆಯಲ್ಲಿ ಒಮ್ಮೆ ಅಣ್ಣ ಎದುರಾದ. ರುಮಾಲು ಸರಿಮಾಡಿಕೊಂಡು ನನ್ನ ಬಾಯನ್ನೇ ನೋಡಿದ. ನಾನು ಹೆಸರುಕಾಳಿನ ಧಾರಣೆ ವಿಚಾರಿಸಿ ಮುಂದೆ ಹೋದೆ. ಮಳೆಗಾಲ ಮುಗಿಯುವ ಹೊತ್ತಿಗೆ ಹೋಟೆಲಿನ ಬಾಗಿಲಿಗೆ ಬೀಗ ಬಿತ್ತು. ಅಣ್ಣ ಹೆಗ್ಗಡದೇವನಕೋಟೆಯ ಕಡೆ ಯಾರದೋ ಹೊಲವನ್ನು ಅರ್ಧ ಬೆಳೆಯ ವಾರಕ್ಕೆ ಹಿಡಿದನೆಂದು ಕೇಳಿದೆ. ತಮ್ಮನ ವಿಷಯ ಯಾರೂ ಹೇಳಲಿಲ್ಲ. ಒಲೆಯ ಮುಂದೆ ಕುಳಿತವನು ಅವನೆಂದು ಪೇಟೆಗೆ ಗೊತ್ತಿದ್ದರಲ್ಲವೇ?

ಎರಡು ಮೂರು ವರ್ಷಗಳ ನಂತರ ಚುಂಚನಕಟ್ಟೆಯ ಕಡೆ ಭತ್ತ ನೋಡಿಕೊಂಡು ಕೃಷ್ಣರಾಜನಗರಕ್ಕೆ ಬಂದಿದ್ದೆ. ಬಸ್ಸಿಗೆ ಹೊತ್ತಿತ್ತು. ನಿಲ್ದಾಣದ ಬಳಿಯ ಒಂದು ಹೋಟೆಲಿಗೆ ಹೊಕ್ಕು ದೋಸೆ ಹೇಳಿದೆ. ತಟ್ಟೆ ಬಂತು. ಹಿಂಬಾಗಿಲಲ್ಲಿ ನಿಂತ ಆ ದಿನದಿಂದ ಎಲ್ಲಿ ದೋಸೆ ಕಂಡರೂ ಮೊದಲು ಸುತ್ತನ್ನೇ ನೋಡುವುದು ನನಗೆ ಅಭ್ಯಾಸವಾಗಿತ್ತು. ಅದು ಎಡಕ್ಕೆ ತಿರುಗಿತ್ತು.

ಗಲ್ಲಾಪೆಟ್ಟಿಗೆಯ ಮುಂದಿದ್ದವರು ನಾನು ತಟ್ಟೆಯನ್ನೇ ನೋಡುತ್ತಿರುವುದನ್ನು ಕಂಡು ಹೆಮ್ಮೆಯಿಂದ, "ನಮ್ಮಲ್ಲಿ ಘಟ್ಟದ ಕೆಳಗಿನ ಭಟ್ಟರೇ ಅಡಿಗೆ, ಸ್ವಾಮಿ" ಎಂದರು.

ತಿಂದು ಮುಗಿಸಿದೆ. ಕೈತೊಳೆಯುವ ನೆಪದಲ್ಲಿ ಹಿತ್ತಿಲಿಗೆ ಹೋಗಿ ಅಡಿಗೆಮನೆಯ ಬಾಗಿಲಲ್ಲಿ ನಿಂತೆ. ಅವನೇ. ಕೂದಲು ನೆರೆತಿತ್ತು. ಸೌಟು ಕೆಳಗಿಡದೆ ನನ್ನನ್ನು ನೋಡಿದ.

"ನಾನು ಮೇಷ್ಟ್ರಿಗೆ ಹೇಳಲಿಲ್ಲ," ಎಂದೆ.

"ಗೊತ್ತಾಯ್ತು ಬುಡಿ, ಅವರು ಬರ್ನಿಲ್ವಲ್ಲ." ಹಿಟ್ಟು ಕಲಕುತ್ತ ಕೇಳಿದ: "ಇವತ್ತು ಹುಳಿ ಎಂಗದೆ?"

"ಸರಿಯಾಗಿದೆ. ಅವತ್ತೂ ಸರಿಯಾಗಿತ್ತು."

"ಮೆಲ್ಲಗೆ ಮಾತಾಡಿ ಸಾವ್ಕಾರ್ರೆ," ಎಂದು ಕಾವಲಿಗೆ ನೀರು ಚಿಮುಕಿಸಿದ. "ಇಲ್ಲೂ ನಾನು ಘಟ್ಟದ ಕೆಳಗಿನೋನೇಯ."

ಬಸ್ಸಿನಲ್ಲಿ ಕುಳಿತು ನಿಶ್ಚಯಿಸಿಕೊಂಡೆ. ಹುಣಸೂರಿಗೆ ಬಂದ ಸಂಜೆಯೇ ವಾಚನಾಲಯದಲ್ಲಿ, ಐದಾರು ಜನರಿರುವಾಗ, ಎಲ್ಲವನ್ನೂ ಹೇಳಿದೆ. ಎಡಗೈ, ಒಂಬತ್ತು ವರ್ಷ, ಹಿಂಬಾಗಿಲು, ನಾನು ಕೊಟ್ಟ ಮಾತು, ಕಳೆದ ದಿನಗಳು. ಅವನು ಈಗ ಎಲ್ಲಿದ್ದಾನೆಂಬುದನ್ನು ಮಾತ್ರ ಹೇಳಲಿಲ್ಲ.

ಮೇಷ್ಟರು ಪೂರ್ತಿ ಕೇಳಿದರು. ಕನ್ನಡಕ ತೆಗೆದು ಒರೆಸಿಕೊಂಡರು.

"ನಿನಗೆ ಪಾಪ ಅನ್ನಿಸಿದೆ, ಅದಕ್ಕೆ ಹಿಂಗಂತೀಯ," ಎಂದರು. "ಒಳ್ಳೇದೇ. ಆದರೆ ಅವತ್ತು ನಾನೂ ಅಲ್ಲೇ ಇದ್ದೆ ಕಣಯ್ಯ. ನಾನೂ ತಿಂದಿದ್ದೆ. ಹುಳಿ ಇತ್ತು."

ಉಳಿದವರು ತಲೆಯಾಡಿಸಿದರು. ಅವರಲ್ಲಿ ಇಬ್ಬರು ಆ ಹೋಟೆಲು ಮುಚ್ಚಿದ ಮೇಲೆ ಊರಿಗೆ ಬಂದವರು. ನಾನು ಎದ್ದು ಬಂದೆ. ಆಮೇಲೆಯೂ ಹಲವು ಸಲ ಹಲವರಿಗೆ ಹೇಳಿ ನೋಡಿದ್ದೇನೆ. ಅವರು ತಾಳ್ಮೆಯಿಂದ ಕೇಳಿ, ಇಲ್ಲ, ರುಚಿ ಕೆಟ್ಟಿದ್ದು ನಿಜ, ಅದನ್ನು ಬಲ್ಲವರೊಬ್ಬರು ಅವತ್ತು ತಿಂದು ನೋಡಿ ಹೇಳಿದ್ದರಂತೆ ಎಂದು ನನಗೇ ತಿಳಿಸುತ್ತಾರೆ.