ಗಿಡ್ಡ ಕಟ್ಟೆ

ಅಡುಗೆಮನೆಯ ಕಟ್ಟೆಗೆ ಗ್ರಾನೈಟ್ ಬರುವ ದಿನ ಯಜಮಾನನೆಂಬ ಪ್ರಾಣಿ ಹೇಗಿರುತ್ತದೆಂದು ತಿಳಿಯಲು ಜೋಗೇಶ್ವರಿಯ ಚನಬಸಪ್ಪನನ್ನು ನೋಡಬೇಕು. ಲಿಫ್ಟಿನಲ್ಲಿ ಹಿಡಿಯದ ಕಲ್ಲನ್ನು ಮರಾಠಿ ಹಮಾಲರು ಮೆಟ್ಟಿಲ ಮೇಲೆ ಹೊತ್ತು ತರುವಾಗ ‘ಹಳೂ ಭಾವೂ, ಹಗೂರ್ಕ!’ ಎಂದು ಏದುಸಿರು ಬಿಡುವವನು ಅವನೇ. ಇಳಿಸಿದ ಕೂಡಲೇ ಒದ್ದೆ ಬಟ್ಟೆಯಿಂದ ಒರೆಸಿ ಬಿರುಕು ಹುಡುಕುತ್ತಾನೆ. ಸಿಂಕಿಗಾಗಿ ಕೊರೆಯುವ ಮಷೀನು ಕಿರುಚಿದರೆ, ಕಲ್ಲು ಸೀಳೀತೆಂದು ಉಸಿರು ಬಿಗಿಹಿಡಿದು, ಮೈತುಂಬ ಧೂಳು ಮೆತ್ತಿಕೊಂಡು ನಿಲ್ಲುತ್ತಾನೆ. ಬೆಳಗಿನಿಂದ ಒಂದೇ ಜಪ: ‘ಕಟ್ಟಿ ಇನ್ನೂ ಕೆಳಗ ಬರ್ಲಿ.’ ವಿಜಾಪುರದ ಮಿಸ್ತ್ರಿ ರೇಗಿದ: ‘ಇಷ್ಟು ಗಿಡ್ಡ ಆದ್ರ ನಿಂತು ಅಡಗಿ ಮಾಡೋದು ಹ್ಯಾಂಗ್ರಿ?’ ಕಲ್ಲು ಕೂತ ಮೇಲೆ ಚನಬಸಪ್ಪ, ವರ್ಷದಿಂದ ಒಲೆ ಮುಟ್ಟದ ಹೆಂಡತಿಯನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಬಂದು ಕಟ್ಟೆಯೆದುರು ನಿಲ್ಲಿಸಿದ. ನೀಲವ್ವ ಕಲ್ಲಿನ ಮೇಲೆ ಎರಡೂ ಅಂಗೈ ಊರಿ ಕೇಳಿದಳು: ‘ಹಿಟ್ಟಿನ ಡಬ್ಬಿ ಎಲ್ಲಿಟ್ಟೀರಿ?’